ಏಣಿ ಮೇಲೆ ಒಂದೇ ಕೈ

"ಗ್ರೌಂಡ್ ಫ್ಲೋರ್ ಒಂದೇ ಇರೋ ಗೋಡೌನ್‌ಗೆ ಲಿಫ್ಟ್ ಯಾಕ್ರೀ?"

ಹೋದ ತಿಂಗಳು ಒಬ್ಬರು ಓನರ್ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ ಇದು. ದಾಬಸ್‌ಪೇಟೆ ಕಡೆ ಹೊಸ ಗೋಡೌನ್. ಮೇಲೆ ಶೀಟ್, ಕೆಳಗೆ ಕಾಂಕ್ರೀಟ್ ನೆಲ, ಮಧ್ಯೆ 9 ಮೀಟರ್ ಗಾಳಿ. ನಾನು ಕಳಿಸಿದ ಕೊಟೇಶನ್‌ನಲ್ಲಿ ‘ಸಿಸರ್ ಲಿಫ್ಟ್ ಬಾಡಿಗೆ’ ಅಂತ ಒಂದು ಸಾಲು ಇತ್ತು. ಅವರು ಅಪಾರ್ಟ್‌ಮೆಂಟ್‌ನಲ್ಲಿ ಇರುತ್ತದಲ್ಲ, ಬಟನ್ ಒತ್ತಿದರೆ ಬಾಗಿಲು ತೆಗೆಯುವ ಲಿಫ್ಟ್, ಅದು ಅಂದುಕೊಂಡಿದ್ದರು. ಅದಲ್ಲ ಸಾರ್, ಕತ್ತರಿ ಥರ ಮಡಚಿಕೊಳ್ಳುವ ಕಬ್ಬಿಣದ ಕಾಲು, ಮೇಲೆ ಕಟಕಟೆ ಹಾಕಿದ ಪ್ಲಾಟ್‌ಫಾರ್ಮ್, ಕೆಳಗೆ ಚಕ್ರ ಮತ್ತು ಬ್ಯಾಟರಿ, ಅದರ ಮೇಲೆ ನಿಂತು ಲೈಟ್ ಹಾಕುತ್ತೇವೆ ಅಂತ ಬಿಡಿಸಿ ಹೇಳಿದೆ.

"ಓ, ಅದಾ. ಅದೆಲ್ಲ ಬೇಡ ಬಿಡಿ. ನಿಮ್ಮ ಹುಡುಗರ ಹತ್ರ ಏಣಿ ಇರುತ್ತಲ್ವಾ?"

ಇರುತ್ತೆ ಸಾರ್. ಏಣಿ ಇಲ್ಲದ ಎಲೆಕ್ಟ್ರಿಷಿಯನ್ ಎಲ್ಲಿರುತ್ತಾನೆ? ಆದರೆ ಏಣಿ ಇದೆ ಅನ್ನುವುದಕ್ಕೂ ಏಣಿಯಲ್ಲಿ ಈ ಕೆಲಸ ಆಗುತ್ತದೆ ಅನ್ನುವುದಕ್ಕೂ ತುಂಬ ದೂರ ಇದೆ. ಆ ದೂರ ಎಷ್ಟು ಅಂತ ಫೋನ್‌ನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಕೆಲಸ ಕಲಿತದ್ದು ತುಮಕೂರಿನಲ್ಲಿ, ನಮ್ಮ ಸೋದರಮಾವನ ಹತ್ತಿರ. ಮಾವನ ಆಸ್ತಿ ಅಂದರೆ ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೈಯರ್, ಒಂದು ಬಿದಿರಿನ ಏಣಿ. ಏಣಿಯನ್ನು ಸೈಕಲ್ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆವು, ಮುಂದಿನ ತುದಿ ಅವರ ಹೆಗಲ ಮೇಲೆ, ಹಿಂದಿನ ತುದಿ ನನ್ನ ಹೆಗಲ ಮೇಲೆ. ನನ್ನ ಮೊದಲ ಎರಡು ವರ್ಷದ ಕೆಲಸ ಏಣಿ ಹಿಡಿಯುವುದು. ನುಣುಪು ನೆಲ ಆದರೆ ಕಾಲಿನ ಕೆಳಗೆ ಒದ್ದೆ ಗೋಣಿಚೀಲ ಹಾಕುತ್ತಿದ್ದೆ, ಮೇಲಿನ ತುದಿಯನ್ನು ಹಗ್ಗದಲ್ಲಿ ಕಿಟಕಿ ಸರಳಿಗೆ ಕಟ್ಟುತ್ತಿದ್ದೆ. ಮಾವ ಯಾವ ಸೇಫ್ಟಿ ಟ್ರೇನಿಂಗೂ ತಗೊಂಡವರಲ್ಲ. ಆದರೂ ಏಣಿ ಇಡುವಾಗ ಲೆಕ್ಕ ಸರಿಯಾಗಿ ಇಡುತ್ತಿದ್ದರು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಗೋಡೆಯಿಂದ ಈಚೆ. ಹನ್ನೆರಡು ಅಡಿಗೆ ಮೂರು ಅಡಿ. ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಫ್ಯಾಕ್ಟರಿಯ ಸೇಫ್ಟಿ ಆಫೀಸರ್ ಪ್ರೊಜೆಕ್ಟರ್ ಹಾಕಿ ಅದನ್ನೇ ‘75 ಡಿಗ್ರಿ’ ಅಂತ ತೋರಿಸಿದಾಗ ನನಗೆ ಮಾವನ ಗೋಣಿಚೀಲ ನೆನಪಾಯಿತು.

ಮಾವ ಇನ್ನೊಂದು ಮಾತು ಹೇಳುತ್ತಿದ್ದರು. ಹೊಕ್ಕುಳು ಏಣಿಯ ಎರಡು ಕಾಲಿನ ಮಧ್ಯದಿಂದ ಆಚೆ ಹೋಗಬಾರದು. ಕೈಗೆ ಸಿಗದಿದ್ದರೆ ಇಳಿ, ಏಣಿ ಸರಿಸು, ಮತ್ತೆ ಹತ್ತು. ಮಾತು ಸರಿ. ಆದರೆ ದಿನಕ್ಕೆ ಅರವತ್ತು ಸಲ ಇಳಿದು ಸರಿಸಿ ಹತ್ತುವವರು ಯಾರು? ನಲವತ್ತನೇ ಸಲಕ್ಕೆ ಎಲ್ಲರೂ ಬಗ್ಗಿಯೇ ಬಗ್ಗುತ್ತಾರೆ. ನಾನೂ ಬಗ್ಗಿದ್ದೇನೆ.

ನಾನು ಬಿದ್ದದ್ದು ಮಾತ್ರ ಬಗ್ಗಿ ಅಲ್ಲ. 2009ರಲ್ಲಿ ಪೀಣ್ಯದ ಒಂದು ಶೆಡ್. ಹತ್ತು ಅಡಿಯ ಅಲ್ಯೂಮಿನಿಯಂ ಎ-ಏಣಿ, ನಾನು ಏಳನೇ ಮೆಟ್ಟಿಲ ಮೇಲೆ, ತಲೆ ಮೇಲಿನ ಕಾಂಕ್ರೀಟ್ ಬೀಮ್‌ಗೆ ಆಂಕರ್ ಬೋಲ್ಟ್ ಹಾಕಲು ಹ್ಯಾಮರ್ ಡ್ರಿಲ್ ಒತ್ತುತ್ತಿದ್ದೆ. ಮೇಲಕ್ಕೆ ಡ್ರಿಲ್ ಮಾಡಿದವರಿಗೆ ಗೊತ್ತು, ಒಂದು ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಎರಡೂ ಕೈ ಮೇಲೆ ಇತ್ತು. ಅಂದರೆ ಏಣಿಗೆ ನನ್ನ ಕಡೆಯಿಂದ ಇದ್ದದ್ದು ಎರಡು ಕಾಲು ಮಾತ್ರ. ಡ್ರಿಲ್ಲಿನ ಬಿಟ್ ಕಾಂಕ್ರೀಟ್ ಒಳಗಿನ ಕಂಬಿಗೆ ಸಿಕ್ಕಿಕೊಂಡಿತು. ಬಿಟ್ ನಿಂತಿತು, ಡ್ರಿಲ್ ತಿರುಗಿತು, ಡ್ರಿಲ್ ಜೊತೆ ನಾನೂ ತಿರುಗಿದೆ. ಕೆಳಗೆ ಏಣಿ ಹಿಡಿದಿದ್ದ ಹುಡುಗ ಮೊಬೈಲ್ ನೋಡುತ್ತಿದ್ದ ಅಂತ ಆಮೇಲೆ ಬೈದೆ. ನಿಜ ಹೇಳಬೇಕೆಂದರೆ ಅವನು ಎರಡು ಕೈಯಲ್ಲಿ ಅಪ್ಪಿಕೊಂಡಿದ್ದರೂ ನಾನು ಬೀಳುತ್ತಿದ್ದೆ.

ಏಳು ಅಡಿ ಅಷ್ಟೇ. ಕಾಲೂರಿ ಬಿದ್ದೆ, ಹಿಮ್ಮಡಿ ಮೂಳೆ ಒಡೆಯಿತು. ಮೂರು ತಿಂಗಳು ಮನೆಯಲ್ಲಿ. ಈಗಲೂ ಚಳಿಗಾಲದಲ್ಲಿ ಬೆಳಿಗ್ಗೆ ಎದ್ದ ತಕ್ಷಣ ನಾಲ್ಕು ಹೆಜ್ಜೆ ಕುಂಟುತ್ತೇನೆ.

ಏಳು ಅಡಿಗೆ ಇಷ್ಟು. ಇಪ್ಪತ್ತು ಅಡಿಯಿಂದ ಬಿದ್ದರೆ ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಸಾಕು, ಮುಟ್ಟುವಾಗ ವೇಗ ಗಂಟೆಗೆ ಹತ್ತಿರ ಹತ್ತಿರ 40 ಕಿಲೋಮೀಟರ್. ಇದು ಹೈಸ್ಕೂಲಿನ ಫಿಸಿಕ್ಸ್ ಲೆಕ್ಕ, ಬೇಕಾದರೆ ನೀವೇ ಹಾಕಿ ನೋಡಿ. ಬೈಕ್‌ನಲ್ಲಿ ಆ ವೇಗಕ್ಕೆ ಹೆಲ್ಮೆಟ್ ಇಲ್ಲ ಅಂದರೆ ಪೊಲೀಸ್ ಹಿಡಿಯುತ್ತಾರೆ.

ಮೂರು ಪಾಯಿಂಟ್ ಹಿಡಿತ ಅಂತ ಒಂದು ನಿಯಮ ಹೇಳುತ್ತಾರೆ. ಏಣಿ ಮೇಲೆ ಯಾವಾಗಲೂ ಎರಡು ಕಾಲು ಒಂದು ಕೈ, ಇಲ್ಲಾ ಎರಡು ಕೈ ಒಂದು ಕಾಲು ತಾಗಿಕೊಂಡಿರಬೇಕು. ಹತ್ತುವಾಗ ಇಳಿಯುವಾಗ ಸರಿ. ಆದರೆ ಕೆಲಸ ಮಾಡುವಾಗ? ನಮ್ಮದು ಎರಡು ಕೈ ಬೇಡುವ ಕೆಲಸ. ವೈರ್ ಹಿಡಿಯಬೇಕು, ಇನ್ಸುಲೇಷನ್ ಸುಲಿಯಬೇಕು, ಟರ್ಮಿನಲ್‌ಗೆ ತೂರಿಸಬೇಕು, ಸ್ಕ್ರೂ ಬಿಗಿ ಮಾಡಬೇಕು. ಒಂದು ಕೈ ಏಣಿಗೆ ಕೊಟ್ಟರೆ ಉಳಿಯುವುದು ಒಂದೇ ಕೈ, ಹಲ್ಲು, ಮೊಣಕೈ. ಹಲ್ಲಲ್ಲಿ ವೈರ್ ಕಚ್ಚಿ ಸುಲಿದವರು ಕೈ ಎತ್ತಿ ಅಂದರೆ ನಮ್ಮ ಕಡೆ ಅರ್ಧ ಜನ ಎತ್ತುತ್ತಾರೆ.

ಸೇಫ್ಟಿ ಮಾತು ಎಲ್ಲರೂ ಆಡುತ್ತಾರೆ. ನನಗೆ ಹೇಳಬೇಕಾಗಿರುವುದು ಬೇರೆ. ಏಣಿಯಲ್ಲಿ ಮಾಡಿದ ಕೆಲಸವೇ ಕೆಟ್ಟದ್ದಾಗಿರುತ್ತದೆ.

ಇದು ನನಗೆ ಗೊತ್ತಾದದ್ದು ಒಂದು ಫ್ಯಾಕ್ಟರಿಯಲ್ಲಿ. ನಾವು ವೈರಿಂಗ್ ಮಾಡಿದ ಜಾಗ ಅಲ್ಲ, ರಿಪೇರಿಗೆ ಕರೆದಿದ್ದರು. ಲೈಟಿಂಗ್ ಸರ್ಕ್ಯೂಟ್‌ನಲ್ಲಿ ಒಂದು ಜಂಕ್ಷನ್ ಬಾಕ್ಸ್ ಸುಟ್ಟು ಕಪ್ಪಾಗಿತ್ತು. ತೆಗೆದು ನೋಡಿದರೆ ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು. ಸಡಿಲ ಕನೆಕ್ಷನ್ ಅಂದರೆ ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ರೆಸಿಸ್ಟೆನ್ಸ್ ಜಾಸ್ತಿ ಅಂದರೆ ಬಿಸಿ, ಬಿಸಿ ಆರಿ ಬಿಸಿ ಆರಿ ಇನ್ನಷ್ಟು ಸಡಿಲ. ಬೇರೆ ಬಾಕ್ಸ್‌ಗಳನ್ನೂ ನೋಡಿಬಿಡಿ ಅಂದರು. ಬಿಸಿ ಎಲ್ಲಿದೆ ಅಂತ ತೋರಿಸುವ ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತಂದು ಲೋಡ್ ಇಟ್ಟು ಒಂದೊಂದೇ ನೋಡುತ್ತಾ ಹೋದೆವು. ಒಂದು ಸಾಲಿನ ಬಾಕ್ಸ್‌ಗಳು ತಣ್ಣಗಿದ್ದವು. ಪಕ್ಕದ ಸಾಲು ಬಿಸಿ. ಅದೇ ಕಂಪನಿಯ ಬಾಕ್ಸ್, ಅದೇ ವೈರ್, ಅದೇ ಹುಡುಗರು ಹಾಕಿದ್ದು. ನನಗೆ ತಲೆ ಕೆಟ್ಟಿತು.

ಆಮೇಲೆ ಕೆಳಗೆ ನೋಡಿದೆ. ತಣ್ಣಗಿದ್ದ ಸಾಲಿನ ಕೆಳಗೆ ಓಡಾಡುವ ದಾರಿ. ಏಣಿ ನೇರ ನಿಲ್ಲಿಸಬಹುದು. ಬಿಸಿ ಸಾಲಿನ ಕೆಳಗೆ ಮೆಷಿನ್‌ಗಳು. ಅಲ್ಲಿ ಏಣಿಯನ್ನು ಪಕ್ಕದಲ್ಲಿ ಇಟ್ಟು, ಮೈ ಚಾಚಿ, ಒಂದು ಕೈಯಲ್ಲಿ ಕೇಬಲ್ ಹಾಸುವ ಟ್ರೇ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಿದ್ದಾರೆ. ಎಷ್ಟು ಬಿಗಿ ಆಗುತ್ತದೋ ಅಷ್ಟು. ಪಾಪ, ಅವರನ್ನು ಬೈದು ಏನು ಪ್ರಯೋಜನ? ಆ ಜಾಗದಲ್ಲಿ ನಾನಿದ್ದರೂ ಅಷ್ಟೇ ಬಿಗಿ ಮಾಡುತ್ತಿದ್ದೆ.

ಅವತ್ತಿನಿಂದ ನನಗೆ ಒಂದು ಚಟ. ಯಾವ ಕಟ್ಟಡಕ್ಕೆ ಹೋದರೂ ತಲೆ ಎತ್ತಿ ನೋಡುತ್ತೇನೆ. ಕಾಂಡ್ಯೂಟ್‌ಗೆ, ಅಂದರೆ ವೈರ್ ಹೋಗುವ ಪೈಪ್‌ಗೆ, ಕ್ಲ್ಯಾಂಪ್ ಎರಡೆರಡು ಅಡಿಗೆ ಬರುತ್ತಾ ಬರುತ್ತಾ ಒಂದು ಕಡೆ ತಟ್ಟನೆ ಐದು ಅಡಿ ಖಾಲಿ ಇದ್ದರೆ, ಅಲ್ಲಿ ಏಣಿ ಸರಿಸಲು ಬೇಜಾರಾಗಿದೆ ಅಂತ ಅರ್ಥ. ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತಾಗಲೂ ಇದೇ ಕೆಲಸ. ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಾಳೆ.

ಲಿಫ್ಟ್ ಮೇಲೆ ಏನು ವ್ಯತ್ಯಾಸ ಅಂದರೆ, ಎರಡೂ ಕೈ ಕೆಲಸಕ್ಕೆ ಸಿಗುತ್ತದೆ, ಅಷ್ಟೇ. ಸುತ್ತ ಸೊಂಟದ ಮೇಲಿನವರೆಗೂ ಕಟಕಟೆ ಇದೆ. ಕಾಲಡಿ ಸಮತಟ್ಟು ಜಾಗ ಇದೆ. ಡ್ರಿಲ್, ಆಂಕರ್, ಥ್ರೆಡೆಡ್ ರಾಡ್, ನಟ್ಟು ಬೋಲ್ಟು ಎಲ್ಲ ಪಕ್ಕದಲ್ಲೇ. ಹತ್ತು ಎಂಎಂ ಸ್ಪ್ಯಾನರ್ ಮರೆತು ಕೆಳಗೆ ಇಳಿಯುವ ಹಾಗಿಲ್ಲ. ಇಬ್ಬರು ನಿಂತರೆ ಒಬ್ಬ ಟ್ರೇ ಹಿಡಿಯುತ್ತಾನೆ, ಒಬ್ಬ ಬೋಲ್ಟ್ ಹಾಕುತ್ತಾನೆ. ಮೂರು ಗಂಟೆ ಮಧ್ಯಾಹ್ನಕ್ಕೂ ಹುಡುಗರ ಕಾಲು ನಡುಗುವುದಿಲ್ಲ, ಯಾಕೆಂದರೆ ದುಂಡನೆ ಮೆಟ್ಟಿಲ ಮೇಲೆ ಪಾದದ ಮಧ್ಯಭಾಗ ಊರಿ ಇಡೀ ದಿನ ನಿಂತಿಲ್ಲ.

ಇದರ ನಂಬರ್ ಓದುವುದು ಸುಲಭ. ಜೀನಿ ಕಂಪನಿಯ 1930 ಅಂತ ಒಂದು ಮಾಡೆಲ್ ಇದೆ. 19 ಅಂದರೆ ಪ್ಲಾಟ್‌ಫಾರ್ಮ್ 19 ಅಡಿಗೆ ಏರುತ್ತದೆ, 30 ಅಂದರೆ ಮೆಷಿನ್ ಅಗಲ 30 ಇಂಚು. ಮಾಮೂಲಿ ಬಾಗಿಲಲ್ಲಿ ನುಗ್ಗುತ್ತದೆ. 3246 ಅಂದರೆ 32 ಅಡಿ ಎತ್ತರ, 46 ಇಂಚು ಅಗಲ. ಪ್ಲಾಟ್‌ಫಾರ್ಮ್ ಎತ್ತರಕ್ಕೆ ಆರು ಅಡಿ ಸೇರಿಸಿದರೆ ನಿಮ್ಮ ಕೈ ಮುಟ್ಟುವ ಎತ್ತರ. 1930ರ ಮೇಲೆ ಹಾಕಬಹುದಾದ ಭಾರ ಸುಮಾರು 227 ಕೆಜಿ. ಇಬ್ಬರು ಜನ, ಟೂಲ್ಸ್, ನಾಲ್ಕು ಲೈಟ್ ಅಂದರೆ ಆರಾಮ. ಮೂರನೆಯವನು ‘ನಾನೂ ಬರ್ತೀನಿ ಅಣ್ಣಾ, ಒಂದು ರೌಂಡ್’ ಅಂದರೆ ಬೇಡ.

ಹಾಗಂತ ಲಿಫ್ಟ್ ತಂದ ಕೂಡಲೇ ಎಲ್ಲ ಸರಿಹೋಯಿತು ಅಂತಲ್ಲ. ಕಣ್ಣಾರೆ ಕಂಡದ್ದು ಹೇಳುತ್ತೇನೆ. ಲಿಫ್ಟ್ ಮೇಲೆ ಇನ್ನೊಂದು ಏಣಿ ಇಟ್ಟು ಹತ್ತಿದವರನ್ನು ನೋಡಿದ್ದೇನೆ. ಕಟಕಟೆಯ ಮಧ್ಯದ ಕಂಬಿ ಮೇಲೆ ಕಾಲಿಟ್ಟು ನಿಲ್ಲುವುದಂತೂ ದಿನನಿತ್ಯದ ಮಾತು. ಪ್ಲಾಟ್‌ಫಾರ್ಮ್ ಮೇಲಿಂದ ದಪ್ಪ ಕೇಬಲ್ ಅನ್ನು ಪಕ್ಕಕ್ಕೆ ಜಗ್ಗುತ್ತಾರೆ. ಭಾರಕ್ಕೆ ಹೇಗೆ ಮಿತಿ ಇದೆಯೋ ಹಾಗೆ ಪಕ್ಕಕ್ಕೆ ಎಳೆಯುವ ಬಲಕ್ಕೂ ಮಿತಿ ಇದೆ, ಅದನ್ನು ಮೆಷಿನ್ ಮೇಲಿನ ಪ್ಲೇಟ್‌ನಲ್ಲೇ ಬರೆದಿರುತ್ತಾರೆ, ಓದುವವರು ಬೇಕಲ್ಲ. ಎಲ್ಲಕ್ಕಿಂತ ನನಗೆ ಭಯ ಇರುವುದು ಇನ್ನೊಂದಕ್ಕೆ. ಆಪರೇಟರ್ ಕಣ್ಣು ಕೆಳಗಿನ ಜಾಯ್‌ಸ್ಟಿಕ್ ಮೇಲಿರುತ್ತದೆ, ತಲೆ ಮೇಲೆ ಬೀಮ್ ಬರುತ್ತದೆ. ಕಟಕಟೆಗೂ ಬೀಮ್‌ಗೂ ಮಧ್ಯೆ ಮನುಷ್ಯ. ಅದಕ್ಕೇ ನಮ್ಮಲ್ಲಿ ಒಂದೇ ನಿಯಮ, ಕೈ ಜಾಯ್‌ಸ್ಟಿಕ್ ಮೇಲೆ, ಕಣ್ಣು ಮೇಲಕ್ಕೆ. ಕೆಳಗೆ ಒಬ್ಬ ಇರಲೇಬೇಕು, ಅವನಿಗೆ ಎಮರ್ಜೆನ್ಸಿಯಲ್ಲಿ ಇಳಿಸುವ ವಾಲ್ವ್ ಎಲ್ಲಿದೆ ಅಂತ ಗೊತ್ತಿರಬೇಕು. ಬೆಳಿಗ್ಗೆ ಮೊದಲ ಕೆಲಸ ಅದನ್ನು ಒಂದು ಸಲ ಎಳೆದು ನೋಡುವುದು.

ಬೂಮ್ ಲಿಫ್ಟ್ ಬೇರೆ ಜಾತಿ. ಅದರ ತೋಳು ಮೆಷಿನ್ ದಾಟಿ ಆಚೆ ಚಾಚುತ್ತದೆ, ಸಿಸರ್ ಸುಮ್ನೆ ನೆಟ್ಟಗೆ ಮೇಲೆ ಹೋಗುತ್ತದೆ. ಬೂಮ್‌ನಲ್ಲಿ ಸೇಫ್ಟಿ ಬೆಲ್ಟ್ ಹಾಕಿ, ನಾವು ನಿಲ್ಲುವ ಬುಟ್ಟಿಯ ಕೊಂಡಿಗೇ ಸಿಕ್ಕಿಸಬೇಕು, ಕಟ್ಟಡಕ್ಕೆ ಅಲ್ಲ. ಚಕ್ರ ಒಂದು ಗುಂಡಿಗೆ ಇಳಿದರೂ ಅಷ್ಟು ಉದ್ದದ ತೋಳಿನ ತುದಿ ಕವಣೆ ಥರ ಎಗರಿಸುತ್ತದೆ.

ಇನ್ನೊಂದು ತಪ್ಪು ನಂಬಿಕೆ ಇದೆ, ಎಲೆಕ್ಟ್ರಿಷಿಯನ್‌ಗಳಿಗೇ ಇದೆ. ಲಿಫ್ಟ್‌ಗೆ ರಬ್ಬರ್ ಚಕ್ರ ಇದೆಯಲ್ಲ, ಶಾಕ್ ಹೊಡೆಯುವುದಿಲ್ಲ ಅಂತ. ಮಾರಾಯ್ರೇ, ಬಾಡಿಗೆಗೆ ಸಿಗುವ ಮಾಮೂಲಿ ಲಿಫ್ಟ್ ಇನ್ಸುಲೇಟೆಡ್ ಅಲ್ಲ, ಪೂರ್ತಿ ಕಬ್ಬಿಣ. ಒಂದು ಕೈ ಲೈವ್ ವೈರ್‌ಗೆ, ಇನ್ನೊಂದು ಕೈ ಶೆಡ್ಡಿನ ಕಂಬಕ್ಕೆ ತಾಗಿದರೆ ಚಕ್ರ ಏನು ಮಾಡುತ್ತದೆ? ಹೊರಗೆ ಬೂಮ್ ಓಡಿಸುವಾಗ ಪಕ್ಕದಲ್ಲಿ 11 ಕೆವಿ ಲೈನ್ ಇದ್ದರೆ ಇನ್ನೂ ಕಷ್ಟ. ಕಟ್ಟಡದ ಗೋಡೆಗೇ ಆ ಲೈನ್‌ನಿಂದ ಅಡ್ಡಲಾಗಿ 1.2 ಮೀಟರ್ ಅಂತರ ಬೇಕು ಅಂತ ನಿಯಮ ಇದೆ, ಅದೂ ಅಲ್ಲಾಡದ ಗೋಡೆಗೆ. ಅಲ್ಲಾಡುವ ಬುಟ್ಟಿಗೆ, ಕೈಯಲ್ಲಿ ಉದ್ದ ಪೈಪ್ ಹಿಡಿದವನಿಗೆ ಅದು ಯಾವ ಮೂಲೆಗೆ? ನಾವಂತೂ ಬೆಸ್ಕಾಂಗೆ ಬರೆದು ಲೈನ್ ಆಫ್ ಮಾಡಿಸಿಕೊಂಡೇ ಹತ್ತುವುದು. ಅಲ್ಯೂಮಿನಿಯಂ ಏಣಿಗೂ ಇದೇ ಮಾತು. ನಾನು ಬಿದ್ದ ಮೇಲೆ ಮೊದಲು ಮಾಡಿದ್ದು ಅಲ್ಯೂಮಿನಿಯಂ ಏಣಿಯನ್ನು ಗುಜರಿಗೆ ಹಾಕಿ ಫೈಬರ್ ಏಣಿ ತಂದದ್ದು. ಏಣಿ ಮೇಲೆ ಜೋರಾಗಿ ಶಾಕ್ ಹೊಡೆಯಬೇಕಾಗಿಲ್ಲ. ಚಿಟಿಕೆ ಶಾಕ್‌ಗೆ ಕೈ ಹಿಂದಕ್ಕೆ ಎಳೆದುಕೊಂಡರೆ ಸಾಕು, ಉಳಿದದ್ದನ್ನು ಏಣಿ ನೋಡಿಕೊಳ್ಳುತ್ತದೆ.

ಮತ್ತೆ ಏಣಿ ಬೇಡವೇ ಬೇಡವಾ? ಹಾಗಲ್ಲ. ಮನೆಯಲ್ಲಿ ಹತ್ತು ಅಡಿಗೆ ಫ್ಯಾನ್ ಹಾಕಲು ಲಿಫ್ಟ್ ತರುವುದಕ್ಕಾಗುತ್ತಾ? ಮೆಟ್ಟಿಲು ಇರುವ ಜಾಗಕ್ಕೆ, ಮಾಳಿಗೆಗೆ, ಟೈಲ್ಸ್ ಹಾಕಿದ ಶೋರೂಂಗೆ ಲಿಫ್ಟ್ ಬರುವುದಿಲ್ಲ. ಚಿಕ್ಕ ಸಿಸರ್ ಕೂಡ ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ, ಆ ತೂಕವೆಲ್ಲ ನಾಲ್ಕು ಚಿಕ್ಕ ಚಕ್ರದ ಮೇಲೆ. ಮೆಜನೈನ್ (ಮಧ್ಯದ ಅರೆ ಮಹಡಿ) ಮೇಲೆ ಹತ್ತಿಸುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಕೇಳಬೇಕು, ಮೇಸ್ತ್ರಿಯನ್ನಲ್ಲ. ನೆಲ ಇನ್ನೂ ಮಣ್ಣು ಇದ್ದರೆ ಬ್ಯಾಟರಿ ಲಿಫ್ಟ್ ಅಲುಗಾಡುವುದೂ ಇಲ್ಲ, ಓರೆ ಆದ ತಕ್ಷಣ ಅಲಾರಂ ಹೊಡೆದುಕೊಂಡು ನಿಂತುಬಿಡುತ್ತದೆ. ಅಂಥ ಕಡೆ ಚಕ್ರದ ಸ್ಕಫೋಲ್ಡಿಂಗ್ (ಪೈಪಿನ ಅಟ್ಟಣಿಗೆ) ಕಟ್ಟುತ್ತೇವೆ, ಅದರ ಕೆಳಗೆ ಹಲಗೆ ಹಾಸಿ. ಎತ್ತರ ತಳದ ಅಗಲದ ಮೂರು ಪಟ್ಟು ದಾಟಿದರೆ ಪಕ್ಕಕ್ಕೆ ಊರುಗಾಲು ಕೊಡದೆ ನಾನು ಯಾರನ್ನೂ ಹತ್ತಿಸುವುದಿಲ್ಲ. ಮೇಲೆ ಜನ ಇದ್ದಾಗ ತಳ್ಳುವುದಿಲ್ಲ. ಈ ಕೊನೆಯದನ್ನು ಹೇಳಿ ಹೇಳಿ ಗಂಟಲು ಒಣಗಿದೆ. ‘ಅಣ್ಣಾ ಎರಡೇ ಅಡಿ, ತಳ್ಳಿ ಬಿಡಿ’ ಅಂತ ಮೇಲಿಂದಲೇ ಕೂಗುತ್ತಾರೆ.

ನಮ್ಮ ಲೆಕ್ಕ ಹೀಗಿದೆ. ಎರಡು ನಿಮಿಷದ ಕೆಲಸ, ಒಂದು ಕೈಯಲ್ಲಿ ಆಗುವಂಥದ್ದು, ಏಣಿ ನೇರ ನಿಲ್ಲುವ ಜಾಗ, ಹಾಗಾದರೆ ಏಣಿ. ಬಲ್ಬ್ ಬದಲಿಸುವುದು, ಅಳತೆ ತೆಗೆಯುವುದು, ಸೆನ್ಸರ್ ನೋಡುವುದು. ಡ್ರಿಲ್ ಬಂತು, ಕೇಬಲ್ ಎಳೆಯುವುದು ಬಂತು, ಭಾರ ಎತ್ತುವುದು ಬಂತು ಅಂದರೆ ಏಣಿ ಅಲ್ಲ. ಎತ್ತರ ಎಷ್ಟು ಅಂತ ಆಮೇಲೆ ಕೇಳುತ್ತೇನೆ.

ಫೋರ್ಕ್‌ಲಿಫ್ಟ್‌ನ ಫೋರ್ಕ್ ಮೇಲೆ ಮರದ ಪ್ಯಾಲೆಟ್ ಇಟ್ಟು ಮನುಷ್ಯನನ್ನು ಎತ್ತುವ ಪದ್ಧತಿ ಬಗ್ಗೆ ಬರೆಯಲು ಹೋದರೆ ಬಿಪಿ ಏರುತ್ತದೆ, ಬಿಟ್ಟುಬಿಡುತ್ತೇನೆ.

ಇನ್ನು ದುಡ್ಡು. ಜಗಳ ಇರುವುದೇ ಇಲ್ಲಿ. ನಮ್ಮಲ್ಲಿ ರೇಟ್ ಹೇಗೆ? ಲೈಟ್ ಪಾಯಿಂಟ್‌ಗೆ ಇಷ್ಟು, ಕೇಬಲ್ ಟ್ರೇ ಮೀಟರ್‌ಗೆ ಇಷ್ಟು. ಹತ್ತು ಅಡಿಯಲ್ಲಿ ಹಾಕಿದರೂ ಮೂವತ್ತು ಅಡಿಯಲ್ಲಿ ಹಾಕಿದರೂ ಎಷ್ಟೋ ಕಡೆ ಅದೇ ರೇಟ್. ಮೇಲೆ ಹೇಗೆ ಹೋಗುತ್ತೀಯ ಅನ್ನುವುದು ನಿನ್ನ ತಲೆನೋವು. ಅದಕ್ಕೇ ಕಾಂಟ್ರಾಕ್ಟರ್ ಏಣಿ ತರುತ್ತಾನೆ, ಲಿಫ್ಟ್ ಬಾಡಿಗೆ ಅವನ ಲಾಭವನ್ನೇ ತಿನ್ನುತ್ತದೆ. ಬಾಡಿಗೆ ಜೊತೆ ಲಾರಿ ಚಾರ್ಜ್ ಬೇರೆ, ಹೋಗಲು ಒಂದು ಬರಲು ಒಂದು. ಎರಡು ದಿನಕ್ಕೆ ತಂದರೆ ಲಾರಿ ಚಾರ್ಜೇ ಬಾಡಿಗೆಗಿಂತ ಜಾಸ್ತಿ ಬಿದ್ದದ್ದೂ ಇದೆ. ಆದ್ದರಿಂದ ನಾವು ಕೆಲಸ ಜೋಡಿಸಿಕೊಳ್ಳುತ್ತೇವೆ. ಕಾಂಡ್ಯೂಟ್, ಟ್ರೇ, ಲೈಟ್ ಎಲ್ಲ ಮೆಟೀರಿಯಲ್ ಸೈಟ್‌ಗೆ ಬಂದ ಮೇಲೆ ಲಿಫ್ಟ್ ಕರೆಸುವುದು. ಕೆಳಗೆ ಮಾಡಬಹುದಾದದ್ದನ್ನೆಲ್ಲ ಕೆಳಗೇ ಮಾಡುವುದು. ಲೈಟ್‌ಗೆ ವೈರ್, ಪ್ಲಗ್, ಹುಕ್ಕು ಎಲ್ಲ ನೆಲದ ಮೇಲೆ ಕೂತು ಹಾಕಿ ಟೆಸ್ಟ್ ಮಾಡಿ ಮೇಲೆ ಕಳಿಸಿದರೆ ಮೇಲೆ ಸಿಕ್ಕಿಸುವುದು ಅಷ್ಟೇ.

ಓನರ್‌ಗಳು ಕೇಳಬೇಕಾದ ಒಂದೇ ಮಾತು ಅಂದರೆ ಇದು: ರ‍್ಯಾಕ್ ನಿಲ್ಲಿಸುವ ಮೊದಲು ನಮ್ಮನ್ನು ಕರೆಯಿರಿ. ರ‍್ಯಾಕ್ ನಿಂತ ಮೇಲೆ ಕರೆದರೆ ಮಧ್ಯದ ಓಣಿಯಲ್ಲಿ ಲಿಫ್ಟ್ ತಿರುಗುವುದೂ ಇಲ್ಲ, ಆಗ ಏಣಿಯೂ ನಿಲ್ಲುವುದಿಲ್ಲ, ಹುಡುಗರು ರ‍್ಯಾಕ್ ಮೇಲೇ ಹತ್ತುತ್ತಾರೆ. ಖಾಲಿ ನೆಲದಲ್ಲಿ ನಾಲ್ಕು ದಿನಕ್ಕೆ ಆಗುವ ಕೆಲಸ ಹದಿನೈದು ದಿನ ಎಳೆಯುತ್ತದೆ.

ನಮ್ಮ ಹುಡುಗರಿಗೂ ಲಿಫ್ಟ್ ಅಂದರೆ ಮೊದಲು ಅಷ್ಟಕ್ಕಷ್ಟೇ. ರಾಯಚೂರಿನ ಒಬ್ಬ ಹುಡುಗ ಇದ್ದಾನೆ, ಹಗ್ಗ ಇಲ್ಲದೆ ಟ್ರಸ್ (ಶೀಟ್ ಹೊರುವ ಕಬ್ಬಿಣದ ಚೌಕಟ್ಟು) ಮೇಲೆ ನಡೆಯುವವನು. ಪವರ್‌ಮ್ಯಾನ್ (ಲೈನ್‌ಮನ್) ಕೆಲಸದ ಟೆಸ್ಟ್‌ಗೆ ಹೋಗಿ ಎಂಟು ಮೀಟರ್ ಕಂಬ ಸರಸರ ಹತ್ತಿ ಬಂದವನು, ಬೇರೆ ಯಾವುದೋ ಕಾರಣಕ್ಕೆ ಸೆಲೆಕ್ಟ್ ಆಗಲಿಲ್ಲ. ಲಿಫ್ಟ್ ನೋಡಿ ‘ಅಣ್ಣಾ, ಇದು ಮುದುಕರಿಗೆ’ ಅಂದ. ಎರಡು ದಿನ ಅದರ ಮೇಲೆ ಕೆಲಸ ಮಾಡಿದ. ಮೂರನೇ ದಿನ ಬೇರೆ ಸೈಟ್‌ಗೆ ಕಳಿಸಿದರೆ, ‘ಅಲ್ಲಿ ಲಿಫ್ಟ್ ಐತೇನು ಅಣ್ಣಾ?’ ಅಂತ ಕೇಳಿದ. ಮನೆಗೆ ಹೋದಾಗ ಮೊಣಕಾಲು ನೋಯುತ್ತಿರಲಿಲ್ಲವಂತೆ.

ದಾಬಸ್‌ಪೇಟೆ ಓನರ್ ಕಡೆಗೂ ಒಪ್ಪಿದರು. ನಾನು ಎರಡು ಕೊಟೇಶನ್ ಕಳಿಸಿದ್ದೆ. ಲಿಫ್ಟ್ ಇದ್ದರೆ ಇಬ್ಬರು ಹುಡುಗರು ನಾಲ್ಕು ದಿನ, ಲಿಫ್ಟ್ ಇಲ್ಲದಿದ್ದರೆ ಸ್ಕಫೋಲ್ಡಿಂಗ್ ಮತ್ತು ಐವರು ಹುಡುಗರು ಹನ್ನೊಂದು ದಿನ. ಏಣಿಯ ಕೊಟೇಶನ್ ಕೊಡಲೇ ಇಲ್ಲ. ಅವರಿಗೆ ಏಣಿಯ ಕಥೆ, ಹಿಮ್ಮಡಿ ಕಥೆ ಏನೂ ಹೇಳಲಿಲ್ಲ. ಹನ್ನೊಂದು ದಿನ ಅಂದರೆ ಗೋಡೌನ್ ಬಾಡಿಗೆ ಬರುವುದು ಏಳು ದಿನ ತಡ ಆಗುತ್ತದೆ ಅಂತ ಅವರೇ ಲೆಕ್ಕ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಲಾರಿಯಲ್ಲಿ ಲಿಫ್ಟ್ ಬಂದು ಇಳಿಯಿತು. ಹುಡುಗರು ಪೂಜೆ ಮಾಡಿ ನಿಂಬೆಹಣ್ಣು ಇಟ್ಟರು. ಕೀ ತಿರುಗಿಸಿದರೆ ಬ್ಯಾಟರಿ ಒಂದೇ ಗೆರೆ ತೋರಿಸುತ್ತಿದೆ. ಚಾರ್ಜ್‌ಗೆ ಹಾಕೋಣ ಅಂತ ನೋಡಿದರೆ ಗೋಡೌನ್‌ನಲ್ಲಿ ಕರೆಂಟೇ ಇಲ್ಲ. ಇರುವುದಾದರೂ ಹೇಗೆ? ಕರೆಂಟ್ ಕೊಡಬೇಕಾದವರು ನಾವೇ.

ಈಗ ನನ್ನ ಕೊಟೇಶನ್‌ನಲ್ಲಿ ಲಿಫ್ಟ್ ಬಾಡಿಗೆಯ ಕೆಳಗೆ ಇನ್ನೊಂದು ಸಾಲು ಸೇರಿದೆ, ಜನರೇಟರ್ ಬಾಡಿಗೆ. ನಿನ್ನೆ ಹೊಸಕೋಟೆಯಿಂದ ಒಬ್ಬರು ಫೋನ್ ಮಾಡಿದ್ದರು. "ಲಿಫ್ಟ್ ಗೊತ್ತು ಬಿಡಿ. ಈ ಜನರೇಟರ್ ಯಾಕ್ರೀ?"